ಆಲೆಕ್ ಗಿನ್ನೆಸ್: ವೇಷವೈವಿಧ್ಯವೂ ಅದರ ಎಲ್ಲೆಯೂ

ನಟನೊಬ್ಬನು ವಹಿಸಿದ ಪಾತ್ರಗಳು ಎಷ್ಟು ಬಗೆಯವೆಂದು ಎಣಿಸಿ ಅವನ ಬಹುಮುಖತೆಯನ್ನು ಅಳೆಯುವುದು ವಾಡಿಕೆ. ಈ ಅಳತೆ ಸಾಲದೆಂಬುದನ್ನು ಆಂಗ್ಲ ನಟ ಆಲೆಕ್ ಗಿನ್ನೆಸ್ (1914–2000) ಅವರ ವೃತ್ತಿಜೀವನದಿಂದ ತೋರಿಸಲು ಇಲ್ಲಿ ಯತ್ನಿಸುವೆವು.

ಗಿನ್ನೆಸ್ ರಂಗಭೂಮಿಯಿಂದ ಬಂದವರು. 1938ರಲ್ಲಿ ಲಂಡನ್ನಿನ ಓಲ್ಡ್ ವಿಕ್ ನಾಟಕಶಾಲೆಯಲ್ಲಿ ಹ್ಯಾಮ್ಲೆಟ್ ಆಗಿ ಅಭಿನಯಿಸಿದ್ದರು. ಅವರ ಚಿತ್ರಖ್ಯಾತಿಗೆ ತಳಹದಿಯಾದುದು ವೇಷಧಾರಣೆಯ ಕೌಶಲ. 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ ಚಿತ್ರದಲ್ಲಿ ಒಂದೇ ಶ್ರೀಮಂತ ಮನೆತನದ ಎಂಟು ಮಂದಿಯನ್ನು ಅವರೊಬ್ಬರೇ ಅಭಿನಯಿಸಿದರು. ಅವರಲ್ಲಿ ಒಬ್ಬಳು ಮಹಿಳೆ. ಇಲ್ಲಿ ಗಡ್ಡ ಮೀಸೆಗಳಿಗಿಂತ ನಿಲುವು, ನಡಿಗೆ, ಮಾತಿನ ಲಯಗಳೇ ವ್ಯಕ್ತಿಯನ್ನು ವ್ಯಕ್ತಿಯಿಂದ ಬೇರ್ಪಡಿಸುತ್ತವೆ.

ಆದರೆ ಈ ಕೌಶಲಕ್ಕೆ ಎಲ್ಲೆಯುಂಟು. 1948ರ ‘ಆಲಿವರ್ ಟ್ವಿಸ್ಟ್’ ಚಿತ್ರದ ಫೇಗಿನ್ ಪಾತ್ರಕ್ಕೆ, ಡಿಕನ್ಸನ ಕಾದಂಬರಿಗೆ ಕ್ರೂಕ್‌ಶ್ಯಾಂಕ್ ಬರೆದ ಚಿತ್ರಗಳನ್ನು ಅನುಸರಿಸಿ ಭಾರಿ ಮೂಗನ್ನು ಅಂಟಿಸಲಾಯಿತು. ಯೂರೋಪಿನ ಯೆಹೂದ್ಯರ ಸಾಮೂಹಿಕ ಹತ್ಯೆ ನಡೆದು ಕೆಲವೇ ವರ್ಷಗಳಾಗಿದ್ದವು. ಪ್ರತಿಭಟನೆಯ ಫಲವಾಗಿ ಅಮೆರಿಕದಲ್ಲಿ ಚಿತ್ರವು 1951ರವರೆಗೆ ತೆರೆಕಾಣಲಿಲ್ಲ. ಕಂಡಾಗಲೂ ಅದಕ್ಕೆ ಕತ್ತರಿ ಬಿದ್ದಿತ್ತು. 1984ರಲ್ಲಿ ಅದೇ ನಿರ್ದೇಶಕ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಗಿನ್ನೆಸ್ ಬ್ರಾಹ್ಮಣ ಪ್ರಾಧ್ಯಾಪಕ ಗೋಡ್‌ಬೋಲೆಯಾದರು. ಆ ಚಿತ್ರದ ಬಹುಭಾಗ ಬೆಂಗಳೂರು ಮತ್ತು ಸಾವನದುರ್ಗದ ಪರಿಸರದಲ್ಲಿ ತಯಾರಾದುದರಿಂದ ನಮಗೆ ಅದು ತೀರ ಹೊರಗಿನದಲ್ಲ. ಅಜೀಜನಾಗಿ ವಿಕ್ಟರ್ ಬ್ಯಾನರ್ಜಿಯವರು ಸಹಜವಾಗಿ ಮಾತನಾಡುವ ಅದೇ ತೆರೆಯ ಮೇಲೆ ಮೈಬಣ್ಣ ಬಳಿದುಕೊಂಡ ಗೋಡ್‌ಬೋಲೆಯು ಹೊರಗಿನಿಂದ ಕಂಡ ಭಾರತೀಯನಾಗಿಯೇ ಉಳಿಯುತ್ತಾನೆ.

ಇದಕ್ಕೆ ಪ್ರತಿಯಾಗಿ ಇಡಬೇಕಾದುವು ವೇಷವೇ ಇಲ್ಲದ ಎರಡು ಪಾತ್ರಗಳು. ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ (1957) ಚಿತ್ರದ ಕರ್ನಲ್ ನಿಕಲ್ಸನ್, ಶಿಸ್ತಿನ ಅಭಿಮಾನದಲ್ಲಿ ಶತ್ರುವಿಗೇ ಗಟ್ಟಿ ಸೇತುವೆ ಕಟ್ಟಿಕೊಡುವ ಸೆರೆಯಾಳು. ಈ ಪಾತ್ರ ಗಿನ್ನೆಸ್ ಅವರಿಗೆ ಅಕಾಡೆಮಿ ಪ್ರಶಸ್ತಿಯನ್ನು ತಂದಿತು. ಎರಡನೆಯದು ಬಿಬಿಸಿ ದೂರದರ್ಶನದ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ (1979) ಧಾರಾವಾಹಿಯ ಗೂಢಚಾರ ಜಾರ್ಜ್ ಸ್ಮೈಲಿ. ಏಳು ಕಂತುಗಳುದ್ದಕ್ಕೂ ಅವನ ಮುಖ್ಯ ಕೆಲಸ ಇತರರ ಮಾತನ್ನು ಆಲಿಸುವುದು. ಮುಖವನ್ನು ಸಮೀಪದಿಂದ ತೋರಿಸುವ ಕಿರುತೆರೆಯಲ್ಲಿ ಆ ಆಲಿಸುವಿಕೆಯೇ ಅಭಿನಯವಾಯಿತು.

ಆದುದರಿಂದ ಬಹುಮುಖತೆಯಲ್ಲಿ ಎರಡು ಬಗೆಗಳನ್ನು ನಾವು ಗುರುತಿಸಬೇಕಾಗುತ್ತದೆ: ಅನ್ಯರ ಹೊರರೂಪವನ್ನು ತಾಳುವುದು ಒಂದು, ಅನ್ಯರ ಮನಸ್ಸನ್ನು ಹೊಗುವುದು ಇನ್ನೊಂದು. ಮೊದಲನೆಯದನ್ನು ಆಯಾ ಕಾಲದ ಪೂರ್ವಗ್ರಹಗಳು ಸುಲಭವಾಗಿ ಕೆಡಿಸುತ್ತವೆ. ನಟರ ಚರಿತ್ರೆಯನ್ನು ಬರೆಯುವವರು ಪಾತ್ರಗಳ ಪಟ್ಟಿಯಲ್ಲಿಯೇ ನಿಲ್ಲದೆ ಈ ಭೇದವನ್ನೂ ಪರಿಶೀಲಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.