ಸಣ್ಣ ಕಾರಿನ ಹಿಂದೆ ಸಣ್ಣ ದೋಣಿ: ಎಳೆಯುವುದಕ್ಕಿಂತ ನಿಲ್ಲಿಸುವುದೇ ಕಷ್ಟ

ಬ್ರಿಟನ್, ಐರೋಪ್ಯ ದೇಶಗಳು ಮತ್ತು ಅಮೆರಿಕದಲ್ಲಿ ರಜಾದಿನ ಬಂತೆಂದರೆ ಕಾರಿನ ಹಿಂದೆ ಎರಡು ಚಕ್ರದ ಟ್ರೇಲರ್ ಕಟ್ಟಿ, ಅದರ ಮೇಲೆ ದೋಣಿ ಏರಿಸಿಕೊಂಡು ಕೆರೆ, ನದಿ ಅಥವಾ ಸಮುದ್ರದ ದಡಕ್ಕೆ ಹೊರಡುವುದು ಸಾಮಾನ್ಯ ನೋಟ. ದೊಡ್ಡ ಜೀಪು ಇದ್ದವರು ಮಾತ್ರವಲ್ಲ, ಸಣ್ಣ ಕಾರು ಇರುವವರೂ ಹೀಗೆ ಹೋಗುತ್ತಾರೆ. ಸಣ್ಣ ಕಾರಿಗೆ ಇದು ಸಾಧ್ಯವೇ ಎಂದರೆ ಸಾಧ್ಯ. ಆದರೆ ಎಂಜಿನ್ನಿಗೆ ಎಳೆಯುವ ಶಕ್ತಿ ಇದೆಯೇ ಎಂದು ಕೇಳಿ ಸುಮ್ಮನಾದರೆ ಸಾಲದು. ಬ್ರೇಕು ತಡೆಯುತ್ತದೆಯೇ, ಭಾರ ಸಮವಾಗಿದೆಯೇ, ನೀರಿನ ಅಂಚಿನಿಂದ ಕಾರು ಮೇಲೆ ಬರುತ್ತದೆಯೇ ಎಂಬುದನ್ನೂ ನೋಡಬೇಕು. ಅಪಘಾತಗಳು ಆಗುವುದು ಹೆಚ್ಚಾಗಿ ಈ ಮೂರು ಕಡೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಕಬ್ಬಿನ ಟ್ರ್ಯಾಕ್ಟರ್ ನೋಡಿದವರಿಗೆ ಈ ವಿಷಯ ಹೊಸದಲ್ಲ. ಹೇರು ಹೆಚ್ಚಾಗಿ ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿ ಮೇಲೇಳುವುದೂ, ಇಳಿಜಾರಿನಲ್ಲಿ ಹಿಂದಿನ ಟ್ರೇಲರ್ ದಬ್ಬಿಕೊಂಡು ಬರುವುದೂ ಅವರು ಕಂಡದ್ದೇ. ದೋಣಿಯದೂ ಅದೇ ಲೆಕ್ಕ, ವೇಗ ಮಾತ್ರ ಮೂರು ನಾಲ್ಕು ಪಟ್ಟು ಹೆಚ್ಚು.

ಕಾರಿಗಾಗಿಯೇ ಹುಟ್ಟಿದ ದೋಣಿ

ಬ್ರಿಟನ್ನಿನಲ್ಲಿ ಈ ಹವ್ಯಾಸ ಸಾಮಾನ್ಯ ಜನರ ಕೈಗೆ ಬಂದದ್ದರಲ್ಲಿ 'ಮಿರರ್' ಎಂಬ ಹಾಯಿದೋಣಿಯ ಪಾಲು ದೊಡ್ಡದು. ದೋಣಿ ವಿನ್ಯಾಸಕ ಜಾಕ್ ಹೋಲ್ಟ್ ಮತ್ತು ಮನೆಗೆಲಸದ ಟೀವಿ ಕಾರ್ಯಕ್ರಮಗಳಿಂದ ಹೆಸರಾಗಿದ್ದ ಬ್ಯಾರಿ ಬಕ್‌ನೆಲ್ ಸೇರಿ ರೂಪಿಸಿದ ಇದನ್ನು 'ಡೈಲಿ ಮಿರರ್' ಪತ್ರಿಕೆ ಪ್ರಚಾರಕ್ಕೆ ತಂದಿತು. 1963ರಲ್ಲಿ ಮಾರುಕಟ್ಟೆಗೆ ಬಂದಾಗ ಬಿಡಿಭಾಗಗಳ ಕಿಟ್ ಬೆಲೆ 63 ಪೌಂಡ್ 11 ಶಿಲ್ಲಿಂಗ್. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಗಾಜಿನಾರಿನ ಪಟ್ಟಿ ಅಂಟಿಸಿದರೆ ದೋಣಿ ಸಿದ್ಧ. (ಹಲಗೆ ಹೊಲಿದು ದೋಣಿ ಕಟ್ಟುವುದು ಮಲಬಾರ್ ಕರಾವಳಿಗೆ ಬಹಳ ಹಳೆಯ ವಿದ್ಯೆ, ಅಲ್ಲಿ ತಂತಿಯ ಬದಲು ತೆಂಗಿನ ನಾರಿನ ಹಗ್ಗ.) ಉದ್ದ 3.3 ಮೀಟರ್, ಖಾಲಿ ಒಡಲಿನ ತೂಕ ಸುಮಾರು 45 ಕಿಲೋ. ಹಾಯಿಯ ಕಂಬವನ್ನು ಎರಡು ತುಂಡು ಮಾಡಿದ್ದರಿಂದ ಎಲ್ಲ ಕೋಲುಗಳೂ ದೋಣಿಯ ಉದ್ದದೊಳಗೇ ಅಡಗುತ್ತಿದ್ದವು. ಆ ಕಾಲದ ಪುಟ್ಟ ಕಾರಿನ ಹಿಂದೆ, ಬೇಕೆಂದರೆ ಛಾವಣಿಯ ಮೇಲೂ ಒಯ್ಯಬಹುದಿತ್ತು. ಇಂಥ ದೋಣಿಗಳು 70,000ದಷ್ಟು ತಯಾರಾಗಿವೆ.

ಮಿರರಿನಂಥ ಹಗುರ ದೋಣಿಗೆ ಹೆಚ್ಚು ಲೆಕ್ಕ ಬೇಡ. ತೊಂದರೆ ಶುರುವಾಗುವುದು ಮೋಟಾರು ದೋಣಿ ಕೊಂಡಾಗ.

ತೂಕದ ಲೆಕ್ಕ

ಬ್ರಿಟನ್ನಿನ ಕಾನೂನಿನಂತೆ, ಸ್ವಂತ ಬ್ರೇಕ್ ಇಲ್ಲದ ಟ್ರೇಲರ್ ಸರಕಿನ ಸಮೇತ 750 ಕಿಲೋ ಮೀರಬಾರದು, ಜೊತೆಗೆ ಎಳೆಯುವ ಕಾರಿನ ಖಾಲಿ ತೂಕದ ಅರ್ಧವನ್ನೂ ಮೀರಬಾರದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಖಾಲಿ ತೂಕ ಎಂದರೆ ಇಂಧನ ತುಂಬಿದ, ಜನ ಕೂರದ ಕಾರಿನ ತೂಕ. ಕಾರು ತಯಾರಿಸಿದವರು ಇದಕ್ಕಿಂತ ಕಡಿಮೆ ಹೇಳಿದ್ದರೆ ಅವರ ಮಾತೇ ಅಂತಿಮ.

ಉದಾಹರಣೆಗೆ 1,100 ಕಿಲೋ ತೂಕದ ಸಣ್ಣ ಕಾರು ತೆಗೆದುಕೊಳ್ಳೋಣ. ಮಿತಿ 550 ಕಿಲೋ. ಫೈಬರ್ ದೋಣಿಯ ಒಡಲು 260 ಕಿಲೋ ಎಂದು ಮಾರುವವನ ಕಾಗದದಲ್ಲಿದೆ, ಕೊಳ್ಳುವವನಿಗೆ ಸಮಾಧಾನ. ಆದರೆ 40 ಅಶ್ವಶಕ್ತಿಯ ಎಂಜಿನ್ 98 ಕಿಲೋ, ಬ್ಯಾಟರಿ 15, 25 ಲೀಟರ್ ಪೆಟ್ರೋಲ್ 18, ಲಂಗರು, ಹಗ್ಗ, ಹುಟ್ಟು, ಜೀವರಕ್ಷಕ ಜಾಕೆಟ್ಟು ಸೇರಿ 25, ಟ್ರೇಲರ್ 150. ಒಟ್ಟು 566 ಕಿಲೋ. ಅರ್ಧದಷ್ಟೂ ಇಲ್ಲವೆಂದು ಕಂಡ ತೂಕ ಮಿತಿಯನ್ನು 16 ಕಿಲೋ ದಾಟಿತು. ಬ್ಯಾಟರಿ, ಪೆಟ್ರೋಲ್ ಮತ್ತು ಆ 25 ಕಿಲೋ ಸಾಮಾನನ್ನು ಕಾರಿಗೆ ವರ್ಗಾಯಿಸಿದರೆ ಟ್ರೇಲರ್ 508 ಕಿಲೋಗೆ ಇಳಿಯುತ್ತದೆ. ಆದರೆ ಆಗ ಕಾರಿನ ಭಾರ ಏರುತ್ತದೆ. ಹಿಂದಿನ ಸೀಟಿನಲ್ಲಿ ಒಬ್ಬರು ಕಡಿಮೆ ಕೂರಬೇಕಾಗಬಹುದು.

ಇನ್ನೊಂದು ಲೆಕ್ಕವನ್ನು ಬಹಳ ಮಂದಿ ಮರೆಯುತ್ತಾರೆ. ತೆರೆದ ದೋಣಿಯಲ್ಲಿ ಮಳೆನೀರು ನಿಲ್ಲುತ್ತದೆ. ಮೂರು ಚದರ ಮೀಟರ್ ತಳದಲ್ಲಿ ಒಂದೇ ಒಂದು ಸೆಂಟಿಮೀಟರ್ ನೀರು ನಿಂತರೂ 30 ಕಿಲೋ. ಆದ್ದರಿಂದ ರಸ್ತೆಯಲ್ಲಿ ಹೋಗುವಾಗ ದೋಣಿಯ ತಳದ ಬೂಚು ತೆಗೆದಿರಬೇಕು. ನೀರಿಗಿಳಿಸುವ ಮುನ್ನ ಮತ್ತೆ ಹಾಕಲು ಮರೆತರೆ ದೋಣಿ ದಡದಲ್ಲೇ ಮುಳುಗುತ್ತದೆ. ಇದು ಪ್ರತಿ ಬೇಸಿಗೆಯ ತಮಾಷೆ.

ಕಾರು ಎಷ್ಟು ಎಳೆಯಬಹುದೆಂಬುದು ಬಾಗಿಲ ಬಳಿ ಅಥವಾ ಬಾನೆಟ್ಟಿನ ಕೆಳಗೆ ಇರುವ ತಯಾರಕರ ಫಲಕದಲ್ಲಿ ಇರುತ್ತದೆ. ಐರೋಪ್ಯ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕು ತೂಕ. ಮೊದಲನೆಯದು ತುಂಬಿದ ಕಾರಿನ ಗರಿಷ್ಠ ತೂಕ, ಎರಡನೆಯದು ಕಾರು ಮತ್ತು ಟ್ರೇಲರ್ ಸೇರಿದ ಗರಿಷ್ಠ ತೂಕ, ಉಳಿದೆರಡು ಮುಂದಿನ ಮತ್ತು ಹಿಂದಿನ ಅಚ್ಚಿನದು. ಎರಡನೆಯ ಸಂಖ್ಯೆ ಇಲ್ಲದಿದ್ದರೆ ಆ ಕಾರು ಎಳೆಯಲು ಮಾಡಿದ್ದಲ್ಲ. ಕೆಲವು ಸಣ್ಣ ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳು ಈ ಸಾಲಿಗೆ ಸೇರುತ್ತವೆ.

ಅಮೆರಿಕದಲ್ಲಿ ಬೇರೆ ಮಾತು

ಒಂದೇ ಕಾರು ಐರೋಪ್ಯ ದೇಶದಲ್ಲಿ ಬ್ರೇಕಿರುವ ಟ್ರೇಲರನ್ನು 1,000 ಕಿಲೋ ಮೀರಿಯೂ ಎಳೆಯಬಹುದು. ಅಮೆರಿಕದಲ್ಲಿ ಅದರ ಕೈಪಿಡಿ 450 ಕಿಲೋ ಎನ್ನಬಹುದು ಅಥವಾ ಎಳೆಯಲೇಬೇಡಿ ಎನ್ನಬಹುದು. ಕಾರು ದುರ್ಬಲವಾಯಿತೆಂದಲ್ಲ, ಪದ್ಧತಿ ಬೇರೆ. ಐರೋಪ್ಯ ನಿಯಮದಲ್ಲಿ ಕಾರು ತನ್ನ ಟ್ರೇಲರಿನೊಂದಿಗೆ ಶೇ. 12ರ ಏರಿನಲ್ಲಿ ಐದು ನಿಮಿಷದೊಳಗೆ ಐದು ಸಲ ನಿಂತಲ್ಲಿಂದ ಹೊರಡಬೇಕು. ಅಲ್ಲಿ ಟ್ರೇಲರ್ ಎಳೆಯುವಾಗ ವೇಗವೂ ಕಡಿಮೆ. ಬ್ರಿಟನ್ನಿನಲ್ಲಿ ಹೆದ್ದಾರಿಯಲ್ಲಿ ಗಂಟೆಗೆ 60 ಮೈಲು, ಸಾಮಾನ್ಯ ಒಂಟಿ ರಸ್ತೆಯಲ್ಲಿ 50 ಮೈಲು. ಅಮೆರಿಕದಲ್ಲಿ ವೇಗ ಹೆಚ್ಚಾಗಿರುವುದರಿಂದ ಟ್ರೇಲರಿನ ಭಾರದ ಶೇ. 10ರಿಂದ 15ರಷ್ಟನ್ನು ಕಾರಿನ ಕೊಂಡಿಯ ಮೇಲೆ ಹೊರಿಸುತ್ತಾರೆ. ಬ್ರಿಟನ್ನಿನಲ್ಲಿ ಶೇ. 5ರಿಂದ 7 ಸಾಕೆನ್ನುತ್ತಾರೆ. ಸಣ್ಣ ಕಾರಿನ ಹಿಂಭಾಗ ಅಷ್ಟು ಹೊರಲಾರದು, ಹೀಗಾಗಿ ಅಮೆರಿಕದ ಮಿತಿ ಚಿಕ್ಕದು.

ಕೊಂಡಿಯ ಗುಂಡಿನಲ್ಲೂ ವ್ಯತ್ಯಾಸವಿದೆ. ಐರೋಪ್ಯ ಗುಂಡಿನ ಅಳತೆ 50 ಮಿಲಿಮೀಟರ್. ಅಮೆರಿಕದಲ್ಲಿ 47.6 ಮತ್ತು 50.8 ಮಿಲಿಮೀಟರಿನವು ಬಳಕೆಯಲ್ಲಿವೆ. ದೊಡ್ಡ ಬಾಯಿಯ ಕೊಂಡಿ ಚಿಕ್ಕ ಗುಂಡಿನ ಮೇಲೆ ಕೂತಂತೆ ಕಂಡರೂ ಹಳ್ಳ ದಿಣ್ಣೆಯಲ್ಲಿ ಹಾರಿಬಿಡುತ್ತದೆ. ಅದಕ್ಕೇ ಸರಪಳಿಯನ್ನೂ ಬಿಗಿಯುವುದು.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ದೋಣಿಯಲ್ಲಿ ಎಂಜಿನ್ ಇರುವುದು ಹಿಂತುದಿಯಲ್ಲಿ, ಆದ್ದರಿಂದ ಟ್ರೇಲರ್ ಸುಲಭವಾಗಿ ಹಿಂಭಾರವಾಗುತ್ತದೆ. ಆಗ ಅದು ಕಾರಿನ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ವೇಗ ಏರಿದಂತೆ ಹಾವಿನಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಮುಂಭಾರ ಅತಿಯಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ. ಸಣ್ಣ ಕಾರುಗಳಲ್ಲಿ ಹೆಚ್ಚಿನವು ಎಳೆಯುವುದೂ ತಿರುಗುವುದೂ ಆ ಚಕ್ರಗಳಿಂದಲೇ. ದೋಣಿಯನ್ನು ಟ್ರೇಲರಿನ ಮೇಲೆ ಸ್ವಲ್ಪ ಮುಂದೆ ಅಥವಾ ಹಿಂದೆ ಸರಿಸಿ, ಕೊಂಡಿಯ ತುದಿಯನ್ನು ತಕ್ಕಡಿಯ ಮೇಲಿಟ್ಟು ತೂಗುವುದೇ ಉಪಾಯ.

ಹೊಯ್ದಾಟ ಶುರುವಾದರೆ ಬ್ರೇಕನ್ನು ಜೋರಾಗಿ ಒತ್ತಬಾರದು, ವೇಗ ಹೆಚ್ಚಿಸಿ ಬಿಡಿಸಿಕೊಳ್ಳಲೂ ಹೋಗಬಾರದು. ಎಕ್ಸಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗನ್ನು ನೇರವಾಗಿ ಹಿಡಿದರೆ ತಾನಾಗಿ ಅಡಗುತ್ತದೆ.

ನಿಲ್ಲಿಸುವ ವಿಷಯ ಇನ್ನೂ ಗಂಭೀರ. ಇಬ್ಬರು ಕೂತ ಕಾರು 1,250 ಕಿಲೋ ಇದ್ದರೆ 500 ಕಿಲೋ ದೋಣಿ ಸೇರಿ 1,750 ಕಿಲೋ. ಭಾರ ಶೇ. 40 ಹೆಚ್ಚಿತು, ಬ್ರೇಕು ಮಾತ್ರ ಮೊದಲಿನದೇ. ವೇಗ ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ಏರಿದರೆ ತಡೆಯಬೇಕಾದ ಶಕ್ತಿ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ. ಮುಂದಿನ ವಾಹನದಿಂದ ದೂರ ಕಾಯ್ದುಕೊಳ್ಳಬೇಕೆನ್ನುವುದು ಇದಕ್ಕೇ.

ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಡಿಸೆಂಬರ್ 16ರಿಂದ ಸಾಮಾನ್ಯ ಕಾರು ಲೈಸೆನ್ಸ್ ಇದ್ದವರೂ ಬೇರೆ ಪರೀಕ್ಷೆಯಿಲ್ಲದೆ 3,500 ಕಿಲೋವರೆಗಿನ ಟ್ರೇಲರ್ ಎಳೆಯಬಹುದು. ಲೈಸೆನ್ಸ್ ಬಿಟ್ಟಿತೆಂದು ಸಣ್ಣ ಕಾರಿನ ಮಿತಿಯೇನೂ ಏರಲಿಲ್ಲ. ಟ್ರೇಲರಿಗೆ ಕಾರಿನದೇ ನಂಬರ್ ಫಲಕ ಮತ್ತು ದೀಪಗಳು ಇರಲೇಬೇಕು.

ನೀರಿನ ಅಂಚಿನಲ್ಲಿ

ದೋಣಿಯನ್ನು ನೀರಿಗಿಳಿಸಲು ಕಾಂಕ್ರೀಟಿನ ಇಳಿಜಾರು ಇರುತ್ತದೆ, ಸ್ಲಿಪ್‌ವೇ ಎನ್ನುತ್ತಾರೆ. ಅಲ್ಲಿ ಕಾರನ್ನು ಹಿಮ್ಮುಖವಾಗಿ ಇಳಿಸಬೇಕು. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಬೇಕು. ಟ್ರ್ಯಾಕ್ಟರ್ ಟ್ರಾಲಿ ಹಿಂದೆ ತಂದವರಿಗೆ ಇದು ಕೈಗೆ ಬಂದಿರುತ್ತದೆ. ಟ್ರೇಲರ್ ಚಿಕ್ಕದಾದಷ್ಟೂ ಬೇಗ ಮಡಚಿಕೊಳ್ಳುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ನೀರಿನ ಅಂಚಿಗೆ ಬಂದೊಡನೆ ಟ್ರೇಲರನ್ನು ಅದ್ದಬಾರದು. ದಾರಿಯುದ್ದಕ್ಕೂ ಉರುಳಿದ ಚಕ್ರದ ಬೇರಿಂಗ್ ಬಿಸಿಯಾಗಿರುತ್ತದೆ. ತಣ್ಣೀರು ತಾಗಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಉಪ್ಪು ನೀರಾದರೆ ಕೆಲವೇ ವಾರಗಳಲ್ಲಿ ತುಕ್ಕು, ಆಮೇಲೆ ಹೆದ್ದಾರಿಯಲ್ಲಿ ಚಕ್ರ ಜಾಮ್ ಆಗುವುದು ಅಥವಾ ಕಳಚುವುದು. ಅರ್ಧ ಗಂಟೆ ಆರಲು ಬಿಟ್ಟು, ದೀಪದ ಪ್ಲಗ್ ಕಳಚಿ, ಆಮೇಲೆ ಇಳಿಸುವುದು ವಾಡಿಕೆ.

ವಾಪಸು ಬರುವುದೇ ಸಣ್ಣ ಕಾರಿಗೆ ನಿಜವಾದ ಪರೀಕ್ಷೆ. ಇಳಿಜಾರು ಸಾಮಾನ್ಯವಾಗಿ ಶೇ. 12ರಿಂದ 15ರಷ್ಟು, ಜೊತೆಗೆ ಪಾಚಿ. ಕಾರಿನ ಭಾರ ಹಿಂದಕ್ಕೆ ವಾಲಿ, ಎಳೆಯುವ ಮುಂದಿನ ಚಕ್ರಗಳು ಹಿಡಿತ ಕಳೆದುಕೊಂಡು ಗಿರಗಿರನೆ ತಿರುಗುತ್ತವೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಒಂದೊಂದು ಸಲ ಹ್ಯಾಂಡ್‌ಬ್ರೇಕ್ ಸೋತು ಕಾರೇ ನೀರಿಗೆ ಜಾರುತ್ತದೆ. ಹೀಗಾಗಿ ಚಾಲಕನ ಹೊರತು ಎಲ್ಲರೂ, ಮಕ್ಕಳಂತೂ ಖಂಡಿತವಾಗಿ, ಮೊದಲೇ ಇಳಿದಿರಬೇಕು. ಚಾಲಕನ ಕಿಟಕಿಯ ಗಾಜು ಇಳಿಸಿರಬೇಕು. ಕಾರು ಒಣ ನೆಲದಲ್ಲೇ ನಿಲ್ಲಬೇಕೆಂದರೆ ಟ್ರೇಲರನ್ನು ಕಳಚಿ ಉದ್ದನೆಯ ಗಟ್ಟಿ ಹಗ್ಗ ಕಟ್ಟಿ, ಮೇಲಿನ ಸಮತಟ್ಟಿನಿಂದ ಎಳೆಯುತ್ತಾರೆ. ಆಗ ಟ್ರೇಲರಿನ ಚಕ್ರದ ಹಿಂದೆ ಅಡ್ಡಗಲ್ಲು ಹಿಡಿದು ಒಬ್ಬರು ಬದಿಯಿಂದ ನಡೆಯುತ್ತಾರೆ, ಹಗ್ಗದ ನೇರದಲ್ಲಿ ಯಾರೂ ನಿಲ್ಲುವುದಿಲ್ಲ. ದೋಣಿ ಮೇಲೆ ಬಂದ ಬಳಿಕ ಬೂಚು ತೆಗೆದು ನೀರು ಹರಿಸಿ, ಟ್ರೇಲರನ್ನೂ ಕಾರಿನ ತಳವನ್ನೂ ಸಿಹಿನೀರಿನಲ್ಲಿ ತೊಳೆದು, ಬೇರಿಂಗಿಗೆ ಗ್ರೀಸ್ ತುಂಬುತ್ತಾರೆ.