ಕಸೂತಿಯ ಅಂಕಿತ

ನಮ್ಮ ತಾಯಿಯವರ ಮದುವೆಯ ಚಂದ್ರಕಾಳಿ ಸೀರೆ ಈಗ ನನ್ನ ಬಳಿ ಇದೆ. ಕಪ್ಪು ರೇಶಿಮೆ, ಮಡಿಕೆಗಳುದ್ದಕ್ಕೂ ಸೀಳಿದೆ. ಉಡಲಿಕ್ಕೆ ಬಾರದು, ಕೊಡಲಿಕ್ಕೆ ಮನಸ್ಸಿಲ್ಲ. ಕಸೂತಿಯಿದ್ದ ತುಂಡುಗಳನ್ನಷ್ಟೇ ಕತ್ತರಿಸಿ ಕನ್ನಡಿಯ ಚೌಕಟ್ಟಿನಲ್ಲಿ ಕೂಡಿಸೋಣವೆಂದು ನನ್ನ ತಂಗಿಯ ಮಗಳು ಕತ್ತರಿಯೊಂದಿಗೇ ಬಂದಿದ್ದಳು. ಎರಡು ದಿನ ತಡೆ ಎಂದೆ. ಆ ಎರಡು ದಿನ ಮೂರು ವರ್ಷವಾಗಿದೆ. ಅಷ್ಟರಲ್ಲಿ ನಾನು ಸೂಜಿ ಹಿಡಿದು ಕೂಡುವಂತಾಯಿತು.

ಕಸೂತಿಯ ಬಗೆಗೆ ನನಗೆ ಒಂದು ಕಾಲಕ್ಕೆ ತಿರಸ್ಕಾರವೇ ಇತ್ತೆಂದು ಒಪ್ಪಿಕೊಳ್ಳಬೇಕು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ ಹುಡುಗಿಯ ಕೈಗೆ ಪುಸ್ತಕದ ಬದಲು ಕೊಟ್ಟ ವಸ್ತು ಅದು ಎಂದು ನಾನು ತಿಳಿದಿದ್ದೆ. ನಮ್ಮ ತಾಯಿಯವರು ಕಲಿಸಲು ಕರೆದಾಗಲೆಲ್ಲ ಪಂಪನನ್ನೋ ರನ್ನನನ್ನೋ ಮುಂದೆ ಹಿಡಿದು ಪಾರಾಗುತ್ತಿದ್ದೆ. ಆ ತಿರಸ್ಕಾರದಲ್ಲಿ ಸತ್ಯದ ಅಂಶ ಇಲ್ಲದಿರಲಿಲ್ಲ. ಆದರೆ ಅದು ಅರ್ಧ ಸತ್ಯ.

ಧಾರವಾಡ, ವಿಜಾಪುರ, ಬೆಳಗಾವಿ ಸೀಮೆಗಳ ಈ ಕೈಗೆಲಸಕ್ಕೆ 'ಕೈ' ಮತ್ತು 'ಸೂತಿ' ಎಂಬ ಪದಗಳು ಕೂಡಿ ಹೆಸರಾಯಿತೆಂದು ಸಾಮಾನ್ಯವಾಗಿ ಹೇಳುವ ರೂಢಿ. ಎಳೆಯುವುದೆಂಬ ಅರ್ಥದ ಧಾತುವಿನಿಂದ ಬಂದ 'ಕಶೀದಾ' ಎಂಬ ಪಾರಸಿ ಶಬ್ದದ ನೆರಳೂ ಅದರ ಮೇಲೆ ಬಿದ್ದಿರಬಹುದೆಂದು ನನ್ನ ಊಹೆ. ಚಾಲುಕ್ಯರ ಕಾಲದಿಂದ ಬಂದದ್ದೆಂಬ ಮಾತನ್ನು ಮಾತ್ರ ನಾನು ಸುಲಭವಾಗಿ ಒಪ್ಪಲಾರೆ. ಕಲ್ಲು ಉಳಿಯುತ್ತದೆ, ಬಟ್ಟೆ ಉಳಿಯುವುದಿಲ್ಲ. ಶಿಲ್ಪದ ಉಡುಗೆಯ ಮೇಲಿನ ಹೂಬಳ್ಳಿ ನೇಯ್ದದ್ದೋ, ಹೊಲಿದದ್ದೋ, ಬರಿಯ ಉಳಿಯ ವಿಲಾಸವೋ, ಹೇಳುವುದು ಹೇಗೆ? ಹಳೆಯದಾದರೇನೇ ಹಿರಿದು ಎಂಬ ಹಂಬಲ ನಮ್ಮದು.

ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತೆ. ನೇಗಿ ನೇಯ್ಗೆಯಂತೆ ಕಾಣುತ್ತದೆ, ಮೆಂತೆ ಕಾಳಿನಂತೆ ಒತ್ತಾಗಿ ಕತ್ತರಿಯಾಕಾರದಲ್ಲಿ ಕೂಡುತ್ತದೆ, ಮುರಗಿ ಮೆಟ್ಟಿಲುಮೆಟ್ಟಿಲಾಗಿ ಮುರಿದು ನಡೆಯುತ್ತದೆ. ಇವುಗಳ ನಡುವೆ ನನ್ನ ಮನಸ್ಸು ನಿಂತದ್ದು ಗವಂತಿಯಲ್ಲಿ. ಆ ಹೆಸರು 'ಗಂಟು' ಎಂಬುದರಿಂದ ಬಂದದ್ದಂತೆ. ವಿನೋದವೆಂದರೆ ಅದರಲ್ಲಿ ಗಂಟೇ ಇರಕೂಡದು. ಸೂಜಿ ಒಂದು ಹೆಜ್ಜೆ ಬಟ್ಟೆಯ ಮೇಲೆ, ಒಂದು ಹೆಜ್ಜೆ ಕೆಳಗೆ ಇಡುತ್ತ ಗೆರೆಯ ತುದಿಯವರೆಗೆ ಹೋಗುತ್ತದೆ. ಮರಳುವಾಗ ಬಿಟ್ಟ ಹೆಜ್ಜೆಗಳನ್ನು ತುಂಬುತ್ತ ಹೊರಟಲ್ಲಿಗೇ ಬರುತ್ತದೆ. ಕೊನೆಗೆ ಎಳೆಯ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಸರಿಯಾಗಿ ಮಾಡಿದ್ದಾದರೆ ಬಟ್ಟೆಯ ಎದುರು ಯಾವುದು, ಬೆನ್ನು ಯಾವುದು ಎಂದು ತಿಳಿಯದು. ಅಲ್ಲಿ ಕೊಂಬೆಯೊಡೆಯುವ ಗೆರೆ ಬಂದರೆ ಮರಳುವ ದಾರಿಯನ್ನು ಹೊರಡುವ ಮೊದಲೇ ಯೋಚಿಸಿರಬೇಕು. ಬಟ್ಟೆಯ ಮೇಲೆ ಸೀಸಕಡ್ಡಿಯ ಗುರುತಿಲ್ಲ, ಅಚ್ಚಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸುವುದೊಂದೇ ಆಧಾರ. ತೇರು, ಗೋಪುರ, ಆನೆಯ ಅಂಬಾರಿ, ತುಳಸಿಕಟ್ಟೆ, ತೊಟ್ಟಿಲು, ಗಿಳಿ, ನವಿಲು ಎಲ್ಲವೂ ಈ ಎಣಿಕೆಯಿಂದ ಹುಟ್ಟಬೇಕು. ಇಳಕಲ್ಲ ಸೀರೆಯ ಸೆರಗಿನಲ್ಲಿ ನೂರಾರು ಬಾರಿ ಹೀಗೆ ಎಣಿಸಿದ ಹೆಣ್ಣುಮಕ್ಕಳಿಗೆ ಅಕ್ಷರ ಬಾರದೆಂದು ನಾವು ಮರುಗಿದ್ದೇವೆ. ಅವರ ಗಣಿತವನ್ನು ಗಮನಿಸಲಿಲ್ಲ.

ನನಗೆ ಕಲಿಸಿದವರು ನಮ್ಮ ಓಣಿಯ, ಎಂಬತ್ತು ದಾಟಿದ ಒಬ್ಬ ಕಾಕೂ. ಮೊದಲ ತಿಂಗಳು ನಾನು ಹಾಕಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಕನ್ನಡಕ ಏರಿಸಿ ನನ್ನ ಬಟ್ಟೆಯನ್ನು ಬೆನ್ನುಮೇಲಾಗಿ ತಿರುವಿ ಹಾಕಿ ನೋಡುತ್ತಿದ್ದರು. "ಒಂದ ಎಳಿ ಎಣಿಕಿ ತಪ್ಪೇತಿ ನೋಡ ತಂಗಿ, ಪೂರಾ ಬಿಚ್ಚು. ಪುಸ್ತಕಾ ಓದೋಮುಂದನೂ ಹಿಂಗ ಸಾಲು ಹಾರಸ್ತಿದ್ದೇನು?" ಎನ್ನುವರು. ಜೀವಮಾನವಿಡೀ ಇತರರ ಉತ್ತರಪತ್ರಿಕೆಗಳ ಮೇಲೆ ಕೆಂಪು ಗೆರೆ ಎಳೆದವಳಿಗೆ ಇದು ತಕ್ಕ ಶಾಸ್ತಿ.

ಗವಂತಿಯಂಥ ಹೊಲಿಗೆ ಐರೋಪ್ಯರಲ್ಲಿಯೂ ಉಂಟು. ಅದಕ್ಕೆ ಅವರಿಟ್ಟ ಹೆಸರು 'ಹೋಲ್ಬೈನ್ ಹೊಲಿಗೆ'. ಹಾನ್ಸ್ ಹೋಲ್ಬೈನ್ 1543ರಲ್ಲಿ ತೀರಿಕೊಂಡ ಜರ್ಮನ್ ಚಿತ್ರಕಾರ, ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದವನು. 1536ರ ಸುಮಾರಿಗೆ ಅವನು ಬರೆದ ರಾಣಿ ಜೇನ್ ಸೀಮರಳ ಭಾವಚಿತ್ರದಲ್ಲಿ ತೋಳಿನ ತುದಿಯ ಕಪ್ಪುದಾರದ ಕಸೂತಿ ಎಳೆ ಎಳೆಯಾಗಿ ಕಾಣುತ್ತದೆ. ಅವನು ಅದನ್ನು ನೋಡಿ ಬರೆದ, ಅಷ್ಟೆ. ಹೊಲಿದವಳು ಇನ್ನೊಬ್ಬಳು. ಹೊಲಿಗೆಗೆ ಮಾತ್ರ ಚಿತ್ರಕಾರನ ಹೆಸರೇ ನಿಂತಿತು!

ಆನಂದ ಕುಮಾರಸ್ವಾಮಿಯವರು ಪರಂಪರೆಯ ಕಲಾವಿದನ ಅನಾಮಿಕತೆಯನ್ನು ಬಹಳ ಕೊಂಡಾಡಿದರು. ಅವನು ತನ್ನನ್ನು ಮೆರೆಸಲಿಲ್ಲ, ತನ್ನ ಹೆಸರನ್ನು ಕೆಲಸದಲ್ಲಿ ಕರಗಿಸಿದ ಎಂಬುದು ಅವರ ವಾದದ ಸಾರ. ಅವರನ್ನು ಓದಿ ಬೆಳೆದವಳು ನಾನು, ಆ ಮಾತಿನ ಘನತೆಯನ್ನು ಅಲ್ಲಗಳೆಯುವುದಿಲ್ಲ. ಆದರೆ ಹೆಸರನ್ನು ತಾನಾಗಿ ಬಿಡುವುದು ಬೇರೆ, ಹೆಸರನ್ನು ಯಾರೂ ಕೇಳದಿರುವುದು ಬೇರೆ. ಹನ್ನೆರಡನೆಯ ಶತಮಾನದಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆ ತನ್ನ ವಚನಗಳ ಅಂಕಿತದಲ್ಲಿಯೇ ತನ್ನ ಕದಿರನ್ನೂ ಹೆಸರನ್ನೂ ಇಟ್ಟುಕೊಂಡಳು. ದೇವರ ಹೆಸರಿನೊಡನೆ ಅವಳ ಕೆಲಸದ ಹೆಸರೂ ನಮಗೆ ಬಂದು ತಲುಪಿತು. ಆ ನೂಲಿನಿಂದ ಹೊಲಿದವರಿಗೆ ಅಂಕಿತ ಇರಲಿಲ್ಲವೆ?

ಇತ್ತೆಂದು ತಿಳಿದದ್ದು ಕಾಕೂ ನಮ್ಮ ತಾಯಿಯವರ ಸೀರೆಯನ್ನು ನೋಡಿದ ದಿನ. ಸೆರಗಿನ ತುಳಸಿಕಟ್ಟೆಯ ಮೇಲೆ ಬೆರಳಿಟ್ಟು ಎಣಿಸಿದರು. "ಐದ ಮೆಟ್ಟಲಾ ಅದಾವು. ನಿಮ್ಮವ್ವನ ತವರಿನ ಕಡೆ ಐದ ಹಾಕ್ತಿದ್ರು, ನಮ್ಮ ಮನ್ಯಾಗ ನಾಕ." ಆಮೇಲೆ ಗಿಳಿಗಳ ಸಾಲಿನತ್ತ ಬಾಗಿದರು. "ಈ ಕೊಕ್ಕು ಮಾತ್ರ ಆಕೀದನ. ಯಾರೂ ಹೇಳಿಕೊಟ್ಟಿಲ್ಲ ಇದನ್ನ." ನಾನೂ ನೋಡಿದೆ. ಮುರಗಿಯಲ್ಲಿ ನಡೆದ ಕೊಕ್ಕು ತುದಿಯಲ್ಲಿ ಒಂದೇ ಎಳೆಯಷ್ಟು ಹೆಚ್ಚು ಬಾಗಿತ್ತು, ಸಾಲಿನ ಹನ್ನೊಂದು ಗಿಳಿಗಳಲ್ಲಿಯೂ. ತಪ್ಪಾಗಿದ್ದರೆ ಹನ್ನೊಂದು ಸಲ ಆಗುತ್ತಿರಲಿಲ್ಲ. ಮದುವೆಗೆ ಮುಂಚಿನ, ನಾನೆಂದೂ ಕಾಣದ ಆ ಹುಡುಗಿ ನನಗೆ ಮೊದಲು ಸಿಕ್ಕಿದ್ದು ಅಲ್ಲಿ. ಐದು ಮೆಟ್ಟಿಲು ಮನೆತನದ್ದು, ಬಾಗಿದ ಒಂದು ಎಳೆ ಅವಳದು.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಅಧ್ಯಕ್ಷತೆಯಲ್ಲಿ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಹುಟ್ಟಿತು. ಮನೆಯ ಕೆಲಸಗಳು ಮಾರುಕಟ್ಟೆಯ ಮುಖ ಕಂಡವು. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಿಯ ರಕ್ಷಣೆಯೂ ದೊರೆಯಿತು. ಒಳ್ಳೆಯದೇ ಆಯಿತು, ಹೊಲಿಯುವವರ ಕೈಗೆ ನಾಲ್ಕು ಕಾಸು ಬಂದಿತು. ಆದರೆ ಸೂಚಿ ರಕ್ಷಿಸುವುದು ಸೀಮೆಯ ಹೆಸರನ್ನು. ಮಾರಾಟದ ಸೀರೆಗಳಲ್ಲಿ ಮಾದರಿ ಮೊದಲೇ ನಿಗದಿಯಾಗಿರುತ್ತದೆ. ಹತ್ತು ಸೀರೆಗಳ ಹತ್ತು ಗಿಳಿಗಳೂ ಒಂದೇ ತೆರನಾಗಿ ಬರಲೇಬೇಕು, ಇಲ್ಲವಾದರೆ ಅದು ದೋಷ. ಆ ಒಂದು ಎಳೆಯ ಬಾಗಿಗೆ ಅಲ್ಲಿ ಕೂಲಿ ಕಡಿತವಾದೀತು.

ಕಳೆದ ದೀಪಾವಳಿಯ ಹೊತ್ತಿಗೆ ನಾನೊಂದು ಅಂಗೈಯಗಲದ ತುಳಸಿಕಟ್ಟೆಯನ್ನು ಮುಗಿಸಿದೆ. ಐದು ಮೆಟ್ಟಿಲನ್ನೇ ಎಣಿಸಿದ್ದೆ. ಅದು ಹೇಗೋ ಆರಾಗಿದ್ದವು. ಬಿಚ್ಚಲು ಕುಳಿತೆ. ಕಾಕೂ ಬಟ್ಟೆಯನ್ನು ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೆನ್ನು ಸ್ವಚ್ಛವಾಗಿತ್ತು.

"ಇರಲಿ ಬಿಡು," ಎಂದರು.

ಸೀರೆಯನ್ನು ಕತ್ತರಿಸಿಲ್ಲ. ಹಳೆಯ ಮಲ್ಲಿನ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಹಳೆಯ ಮಡಿಕೆಗಳು ಇನ್ನೂ ಸೀಳದಿರಲೆಂದು ತಿಂಗಳಿಗೊಮ್ಮೆ ಬೇರೆ ಮಡಿಕೆ ಹಾಕುತ್ತೇನೆ. ತಂಗಿಯ ಮಗಳು ಈಗ ರವಿವಾರ ಬಂದಾಗ ಕತ್ತರಿ ತರುವುದಿಲ್ಲ. ಗಿಳಿಯ ಕೊಕ್ಕನ್ನು ಎಣಿಸಿಕೊಂಡು ಹೋಗುತ್ತಾಳೆ.