ಗುಮಟೆ ಯಾರದು, ಡೋಲು ಯಾರ ಅಪ್ಪಣೆಯದು?

ಕರಾವಳಿ ಸಂಸ್ಕೃತಿ ಅಂತ ವೇದಿಕೆ ಹತ್ತಿ ಮಾತಾಡುವವರಿಗೆ ಕಾರವಾರದಿಂದ ಕಾಸರಗೋಡಿನವರೆಗೆ ಎಲ್ಲವೂ ಒಂದೇ. ಒಂದೇ ಕಡಲು, ಒಂದೇ ಮಳೆ, ಒಂದೇ ಗಂಜಿ. ನಾವು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಅಮದಳ್ಳಿ, ಅಂಕೋಲೆ ಕಡೆ ಸುಗ್ಗಿಯ ಗುಮಟೆ ಕೇಳಿದವರು ಉಡುಪಿ, ಮಂಗಳೂರು ಕಡೆಯ ಕೊರಗರ ಡೋಲನ್ನೂ ಕೇಳಬೇಕು. ಎರಡೂ ದುಡಿಯುವವರ ಕೈಯ ವಾದ್ಯಗಳೇ. ಆದರೆ ಬಾರಿಸು ಅಂತ ಹೇಳಿದವರು ಯಾರು?

ಈ ಎರಡು ಸೀಮೆಗಳು ಒಂದು ಕಾಲಕ್ಕೆ ಒಂದೇ ಜಿಲ್ಲೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಕೆನರಾವನ್ನು ನುಂಗಿತು. 1862ರಲ್ಲಿ ಉತ್ತರದ ತುಂಡು ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣದ್ದು ಮದರಾಸಿನಲ್ಲೇ ಉಳಿಯಿತು. 1956ರಲ್ಲಿ ಮತ್ತೆ ಒಂದೇ ರಾಜ್ಯಕ್ಕೆ ಬಂದವು. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ಗಡಿ ಎಳೆದವರು ಸಾಹೇಬರು. ಗದ್ದೆಯಲ್ಲಿ ಬಗ್ಗಿದ ಬೆನ್ನು ಎರಡೂ ಕಡೆ ಬಗ್ಗಿಯೇ ಇತ್ತು.

ಹಾಲಕ್ಕಿ ಒಕ್ಕಲಿಗರ ಸುಗ್ಗಿ ಹೋಳಿ ಹುಣ್ಣಿಮೆಯ ಆಸುಪಾಸಿನದು. ತಲೆಯ ಮೇಲೆ ತುರಾಯಿ, ಕೈಯಲ್ಲಿ ಕುಂಚ, ಜೊತೆಗೆ ಗುಮಟೆ, ಜಾಗಟೆ, ತಾಳ. ಗುಮಟೆ ಅಂದರೆ ಎರಡು ಬಾಯಿಯ ಮಣ್ಣಿನ ಗಡಿಗೆ. ಅದರ ಒಂದು ಬಾಯಿಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಉಡ ಹಿಡಿಯಬೇಡಿ ಅಂದಿತು, ಆಡಿನ ಚರ್ಮ ಬಂತು. ಊರಗೌಡ, ಬುಧವಂತ, ಕೋಲಕಾರ, ಹೀಗೆ ಕಟ್ಟುಕಟ್ಟಳೆ ನೋಡುವವರೆಲ್ಲ ಅವರದೇ ಜನ. ಕುಣಿತದ ಜೊತೆಗೆ ಹಗರಣ. ವೇಷ ಕಟ್ಟಿ ಅಧಿಕಾರಿಯನ್ನು, ಪುಢಾರಿಯನ್ನು ಬೀದಿಯಲ್ಲೇ ಗೇಲಿ ಮಾಡುವುದು. (ಪತ್ರಿಕೆಯವರಿಗೆ ಹಗರಣ ಅಂದರೆ ಲಂಚದ ಸುದ್ದಿ. ಒಕ್ಕಲು ಮಕ್ಕಳ ಹಗರಣ ಅಂಥವರನ್ನು ನಗೆಪಾಟಲು ಮಾಡುವುದು!) ಬೆಳಂಬಾರದ ಸುಗ್ಗಿಯವರು ಅಂಕೋಲೆಯ ತಹಶೀಲ್ದಾರ ಕಚೇರಿಯ ಎದುರಿಗೇ ಹೋಗಿ ಕುಣಿಯುತ್ತಾರೆ.

ಹಾಗಂತ ಇದನ್ನು ಸ್ವರ್ಗ ಅಂತ ಬರೆಯಲು ನಾವು ತಯಾರಿಲ್ಲ. ಸುಗ್ಗಿ ಕುಣಿದವನ ಬೆಳೆ ಗೇಣಿಗೆ ಹೋಗುತ್ತಿತ್ತು. ಗೇಣಿದಾರರನ್ನು ಸಂಘಟಿಸಿದ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಉಳುವವನಿಗೆ ಹಕ್ಕು ಬರಲು 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇನ್ನು ಅದೇ ಸೀಮೆಯ ಮುಕ್ರಿಯವರ ಕೈಯಲ್ಲೂ ಗುಮಟೆ ಇದೆ. ಸುಗ್ಗಿಯ ಬಗ್ಗೆ ಬರೆದ ಎಷ್ಟು ಮಂದಿ ಆ ಕೇರಿಗೆ ಹೋಗಿದ್ದಾರೆ?

ಈಗ ದಕ್ಷಿಣಕ್ಕೆ ಬನ್ನಿ. ಕೊರಗರು ಬುಟ್ಟಿ ಹೆಣೆಯುವವರು, ಡೋಲು, ಕೊಳಲು ನುಡಿಸುವವರು. ಆದರೆ ಆ ಡೋಲಿಗೆ ಅಜಲು ಅಂಟಿಕೊಂಡಿತು. ಕಂಬಳಕ್ಕೆ, ಜಾತ್ರೆಗೆ ಕೂಲಿಯಿಲ್ಲದೆ ಬಾರಿಸಬೇಕು. ಕೋಣಗಳಿಗೆ ಮುಂಚೆ ಕೆಸರಿನಲ್ಲಿ ಇವರು ಓಡಬೇಕು. ಕೂದಲು, ಉಗುರು ಬೆರೆಸಿದ ಅನ್ನವನ್ನು ಮನುಷ್ಯನ ಬಾಯಿಗೆ ಇಟ್ಟರು. ಇದಕ್ಕೂ ಸಂಪ್ರದಾಯ ಅಂತಲೇ ಹೆಸರು! ಕೊರಗರ ಸಂಘಟನೆಗಳು ಎದ್ದು ನಿಂತವು. ಅಜಲು ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ, ಅಸ್ಪೃಶ್ಯತೆ ಅಳಿಯಿತೆಂದು ಸಂವಿಧಾನ ಸಾರಿ ಐವತ್ತು ವರ್ಷವಾದ ಮೇಲೆ.

ಭೂತಕೋಲದ ಸಂಗತಿ ಇನ್ನೂ ತೊಡಕಿನದು. ನಲಿಕೆ, ಪಂಬದ, ಪರವ ಜಾತಿಯವರು ಅಣಿ ಕಟ್ಟಿ ನಿಂತರೆ ಗುತ್ತಿನ ಯಜಮಾನನೂ ಕೈಮುಗಿಯುತ್ತಾನೆ. ದೈವ ಅವನನ್ನು ಗದರಿಸಲೂಬಹುದು. ಬೆಳಗಾಗಿ ಬಣ್ಣ ತೊಳೆದರೆ ಅದೇ ಮನುಷ್ಯ ಅಂಗಳದಿಂದ ಮೇಲೆ ಬರುವಂತಿರಲಿಲ್ಲ. ಕೊರಗ ತನಿಯ ದೈವವಾಗಿ ಮೇಲ್ಜಾತಿಯವರ ಹರಕೆಯನ್ನೂ ಪಡೆದ. ಅವನ ಕುಲದವರು ಹೊರಗೇ ಉಳಿದರು. ಹಗರಣದಲ್ಲಿ ಗೌಡ ತನ್ನ ಬಾಯಿಂದಲೇ ಅಧಿಕಾರಿಯನ್ನು ಆಡಿಕೊಳ್ಳುತ್ತಾನೆ. ಕೋಲದಲ್ಲಿ ಪಂಬದ ಯಜಮಾನನಿಗೆ ಎದುರು ಮಾತಾಡಬೇಕಾದರೆ ದೈವದ ಬಾಯಿ ಬೇಕು. ಎರಡು ಸೀಮೆಗಳ ಅಂತರ ನಮಗೆ ಕಾಣುವುದು ಇಲ್ಲಿ, ವೇಷಭೂಷಣದಲ್ಲಲ್ಲ.

ಇಂದು ಎರಡನ್ನೂ ಉತ್ಸವದ ಮೆರವಣಿಗೆಗೆ ಕರೆಯುತ್ತಾರೆ. ಹತ್ತು ನಿಮಿಷ ಕೊಡುತ್ತಾರೆ, ಶಾಲು ಹೊದಿಸುತ್ತಾರೆ. ಅಜಲು ಬಿಟ್ಟ ಕೊರಗ ಹುಡುಗರು ತಮ್ಮದೇ ಸಮಾರಂಭಗಳಲ್ಲಿ ತಮಗಾಗಿ ಡೋಲು ಹಿಡಿದದ್ದು ನಮಗೆ ಆ ಶಾಲಿಗಿಂತ ದೊಡ್ಡದು. ಅತ್ತ ಅಮದಳ್ಳಿಯ ಸೀಮೆಯಲ್ಲಿ ಬೇರೆ ಕಥೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು, ಕಡಲಂಚಿನ ಊರುಗಳು ಎದ್ದುಹೋದವು. ಸುಗ್ಗಿಗೆ ಗದ್ದೆ ಬೇಕು, ನೆರೆಮನೆ ಬೇಕು, ಸುತ್ತಿಬರುವ ಹಾದಿ ಬೇಕು. ಪುನರ್ವಸತಿಯ ಸೈಟಿನಲ್ಲಿ ಇವಕ್ಕೆ ಪರಿಹಾರದ ದರ ಬರೆದವರು ಯಾರೂ ಇಲ್ಲ.

ಅಂಕೋಲೆಯ ಬಡಗೇರಿಯ ಸುಕ್ರಜ್ಜಿ, ಅಂದರೆ ಸುಕ್ರಿ ಬೊಮ್ಮಗೌಡ, ಹಾಡಿದ್ದಕ್ಕೆ ಸರ್ಕಾರ 2017ರಲ್ಲಿ ಪದ್ಮಶ್ರೀ ಕೊಟ್ಟಿತು. ಆಕೆ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಕೇಳುತ್ತಲೇ ಇದ್ದರು. 2025ರ ಫೆಬ್ರವರಿಯಲ್ಲಿ ಅಜ್ಜಿ ತೀರಿಕೊಂಡಾಗಲೂ ಆ ಬೇಡಿಕೆ ಈಡೇರಿರಲಿಲ್ಲ.